ಧೂಳಲ್ಲದ ಚುಕ್ಕೆ

ನಮ್ಮ ಫೋಟೋ ಕ್ಲಬ್ಬಿನಲ್ಲಿ ಒಂದು ನಿಯಮವಿದೆ. ಪರದೆಯ ಮೇಲೆ ಯಾರ ಚಿತ್ರ ಬಂದಿದೆಯೋ ಅವರು ಬಾಯಿ ಬಿಡಬಾರದು. ಚಿತ್ರ ಹೆಸರಿಲ್ಲದೆ ಬರುತ್ತದೆ. ಉಳಿದವರು ಅದನ್ನು ಮನಸಾರೆ ಜಾಲಾಡುತ್ತಾರೆ, ತೆಗೆದವರು ಎಲ್ಲರ ನಡುವೆ ಏನೂ ಅರಿಯದವರ ಹಾಗೆ ಕೂತಿರಬೇಕು. ಎರಡನೆಯ ನಿಯಮವೂ ಇದೆ. ತಪ್ಪು ತೋರಿಸಿದವರು ಅದನ್ನು ಸರಿಮಾಡುವ ದಾರಿಯನ್ನೂ ಹೇಳಬೇಕು. ಸುಮ್ಮನೆ ಕೊಂಕು ತೆಗೆದು ಎದ್ದುಹೋಗುವ ಹಾಗಿದ್ದರೆ ನಾನು ಇಂದಿಗೂ ಆರಾಮವಾಗಿರುತ್ತಿದ್ದೆ.

ಅಂದು ಸಂಜೆ ಎಂದಿನಂತೆ ಸಮುದ್ರದ ಕಡೆಯಿಂದ ಮಂಜು ಬಂದು, ಮರಳುಗಾಡಿನ ಅಂಚಿನ ನಮ್ಮ ಊರು ಸ್ವಾಕೊಪ್‌ಮುಂಡಿನ ಬೀದಿಗಳನ್ನೆಲ್ಲ ತುಂಬಿತ್ತು. ನಾವು ಕೋಟು ಬಿಚ್ಚದೆ ಕೂತಿದ್ದೆವು. ಪರದೆಯ ಮೇಲೆ ಒಂದು ಮರಳುದಿಬ್ಬ ಬಂತು. ಮೇಲೆ ಬೂದು ಆಕಾಶ, ಕೆಳಗೆ ಬೂದು ಮರಳು, ಎಡಮೂಲೆಯಲ್ಲಿ ಅರ್ಧ ಕತ್ತರಿಸಿಹೋದ, ಮರಳಲ್ಲೇ ಬೆಳೆಯುವ ಒಂದು ಮುಳ್ಳಿನ ನಾರಾ ಪೊದೆ. ಬೇರೇನೂ ಇರಲಿಲ್ಲ. ಆದರೂ ನನಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ.

ಕ್ಲಬ್ಬಿನ ಅಧ್ಯಕ್ಷ ಹೆರ್ ಲೋಮಾನ್ ಎಂಬತ್ತು ದಾಟಿದ ಜರ್ಮನ್ ಹಿರಿಯರು. ಅವರೇ ಶುರುಮಾಡಿದರು. "ದಿಗಂತ ಸರಿಯಾಗಿ ನಡುಮಧ್ಯ ಬಿದ್ದಿದೆ. ಆಕಾಶ ಕಮ್ಮಿ ಮಾಡಿ, ಮರಳಿಗೆ ಜಾಗ ಕೊಡಿ. ಆ ಪೊದೆ ಅರ್ಧ ಒಳಗೆ, ಅರ್ಧ ಹೊರಗೆ. ಒಂದೋ ಪೂರ್ತಿ ಕರೀರಿ, ಇಲ್ಲ ಪೂರ್ತಿ ಕಳಿಸಿಬಿಡಿ."

"ಬೆಳಕೂ ಚಪ್ಪಟೆ," ಎಂದಳು ಬೇಕರಿಯ ಇಂಗ್ರಿಡ್. "ಪಕ್ಕದಿಂದ ಬಿಸಿಲು ಬೀಳೋ ಹೊತ್ತಿಗೆ ಹೋಗ್ಬೇಕಿತ್ತು. ಆಮೇಲೆ ಅಲ್ಲಿ ನೋಡಿ, ದಿಬ್ಬದ ನೆತ್ತಿ ಮೇಲೆ ಬಲಗಡೆ ಒಂದು ಕಪ್ಪು ಚುಕ್ಕೆ. ಕ್ಯಾಮೆರಾದ ಸೆನ್ಸರ್ ಮೇಲೆ ಧೂಳು ಕೂತಿದೆ. ಕಂಪ್ಯೂಟರಿನಲ್ಲಿ ಒರೆಸಿದ್ರೆ ಹೋಗುತ್ತೆ."

"ಧೂಳು ಅಂತ ಹೇಗೆ ಗೊತ್ತು?" ಎಂದೆ.

ಎಲ್ಲರೂ ನಕ್ಕರು. ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. "ಸೈಮಾಗೆ ಮರಳುದಿಬ್ಬಕ್ಕೂ ಟಿಬಿ ಬಂದಿದೆ ಅಂತ ಅನುಮಾನ," ಎಂದರು ಲೋಮಾನ್.

ನಗಲಿ ಬಿಡಿ. ಚುಕ್ಕೆ ಕಂಡರೆ ಪರೀಕ್ಷೆ ಮಾಡದೆ ಧೂಳು ಎಂದು ತಳ್ಳಿಹಾಕಬಾರದು ಎನ್ನುವುದು ನನ್ನ ಕಸುಬಿನ ಮೊದಲ ಪಾಠ. ನಾನು ನಗುವವರ ಕಡೆ ನೋಡದೆ ಪರದೆಯನ್ನೇ ನೋಡಿದೆ. "ಇವರು ಮರಳಿನ ಚೆಂದ ನೋಡೋಕೆ ಹೋದವರಲ್ಲ," ಎಂದೆ. "ಯಾರನ್ನೋ ಕಾಯ್ತಾ ನಿಂತವರು. ಕಾಯೋದು ಕಾಣುತ್ತೆ, ಯಾರನ್ನ ಅಂತ ಕಾಣಲ್ಲ. ಅದಕ್ಕೇ ಚಿತ್ರ ಅರ್ಧಕ್ಕೆ ನಿಂತ ಹಾಗಿದೆ."

"ತಪ್ಪು ತೋರಿಸಿದೆ. ಇನ್ನು ದಾರಿ ಹೇಳು," ಎಂದರು ಲೋಮಾನ್.

"ಇನ್ನೂ ಹತ್ತಿರ ಹೋಗಲಿ," ಎಂದೆ.

ಯಾವ ಫೋಟೋಗ್ರಾಫರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಾನೂ ಎಷ್ಟೋ ಜನರಿಗೆ ಹೇಳಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೊಸಬ ಟೋಪಿಯನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದವನು ಆ ಮಾತಿಗೆ ಕೈ ನಿಲ್ಲಿಸಿದ. ನಿಯಮ ಮುರಿಯಲಿಲ್ಲ, ಮುಖ ಕಲ್ಲಿನ ಹಾಗೆ ಇಟ್ಟುಕೊಂಡಿದ್ದ. ಆದರೆ ಕಣ್ಣು ನನ್ನ ಮೇಲಿತ್ತು. ಚಿತ್ರ ಯಾರದ್ದೆಂದು ನನಗೆ ಆಗಲೇ ಗೊತ್ತಾಯಿತು.

ಸಭೆ ಮುಗಿದ ಮೇಲೆ ಅವನು ಹೊರಬಾಗಿಲಲ್ಲಿ ನಿಂತಿದ್ದ. ಮಂಜಿನಲ್ಲಿ ಅವನ ರೆಪ್ಪೆಗಳ ಮೇಲೆ ಸಣ್ಣ ಹನಿಗಳು ಕೂತಿದ್ದವು. ಅಷ್ಟು ಉದ್ದದ ರೆಪ್ಪೆ ಗಂಡಸರಿಗೆ ದಂಡ ಎಂದುಕೊಂಡೆ.

"ನಾನು ಎಲ್ರಿಕೊ," ಎಂದ. "ಪಕ್ಕದ ಊರು ವಾಲ್ವಿಸ್ ಬೇಯಿಂದ ಬಂದಿದೀನಿ. ಕಾಯ್ತಾ ನಿಂತಿದಾರೆ ಅಂದ್ರಲ್ಲ, ಅದು ಎಲ್ಲಿ ಕಂಡಿತು ನಿಮಗೆ?"

"ನೀವು ನಿಂತ ಜಾಗದಲ್ಲಿ. ಚೆಂದ ನೋಡೋರು ದಿಬ್ಬ ಹತ್ತುತಾರೆ. ನೀವು ತಗ್ಗಿನಲ್ಲಿ ನಿಂತು ನೆತ್ತಿ ನೋಡ್ತಿದ್ರಿ. ಬಸ್ಸು ಅಲ್ಲಿಂದ ಬರುತ್ತೇನೋ ಅನ್ನೋ ಹಾಗೆ."

ಅವನಿಗೆ ನಗು ಬಂತು. ನಗುವುದು ಮರೆತೇಹೋಗಿದ್ದವನ ಹಾಗೆ ತಡವಾಗಿ ಬಂತು. "ನೀವು ಎಲ್ಲರ ಹತ್ರಾನೂ ಹೀಗೇ ಮಾತಾಡ್ತೀರಾ?"

"ಇಲ್ಲ. ಕೆಲವರ ಹತ್ರ ಇನ್ನೂ ಒರಟಾಗಿ ಮಾತಾಡ್ತೀನಿ. ನಿಮ್ಮ ಕೆಲಸ ಏನು?"

"ಉಪ್ಪಿನ ಕಾರ್ಖಾನೆ ಲ್ಯಾಬು. ಬಿಳೀ ಉಪ್ಪಿನಲ್ಲಿ ಕಪ್ಪು ಕಾಳು ಇದೆಯಾ ಅಂತ ದಿನಾ ನೋಡೋದು."

"ಹಾಗಾದ್ರೆ ಇಬ್ಬರೂ ಚುಕ್ಕೆ ಹುಡುಕಿ ಸಂಬಳ ತಗೊಳ್ಳೋರು," ಎಂದೆ. ಅವನು ಈ ಸಲ ಬೇಗ ನಕ್ಕ.

ಅಂದಿನಿಂದ ಅವನು ಹೊಸ ಚಿತ್ರ ತೆಗೆದಾಗಲೆಲ್ಲ ಕ್ಲಬ್ಬಿನವರೆಗೂ ಕಾಯದೆ ನನ್ನ ಹತ್ತಿರ ಬರತೊಡಗಿದ. ಮಧ್ಯಾಹ್ನ ಊಟದ ಹೊತ್ತಿಗೆ ಆಸ್ಪತ್ರೆಯ ಹಿಂಬಾಗಿಲಿಗೆ ಬಂದು, ಕಾಗದದಲ್ಲಿ ಸುತ್ತಿದ ಸುಟ್ಟ ಮಾಂಸ, ಎಣ್ಣೆಯಲ್ಲಿ ಕರಿದ ಬಿಸಿ ಬನ್ನು ಫೆಟ್ಕುಕ್ ಇಟ್ಟು, ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆಯುತ್ತಿದ್ದ. ನೋಡಲು ಅದೇ ದಿಬ್ಬ, ಅದೇ ಮಂಜು. ಆದರೆ ಹೇಳಿದ್ದನ್ನೆಲ್ಲ ಮಾಡಿರುತ್ತಿದ್ದ. ದಿಗಂತವನ್ನು ಮೇಲಕ್ಕೆ ಏರಿಸಿದ್ದ. ಮಂಜು ಹರಿದು ಬಿಸಿಲು ಅಡ್ಡ ಬೀಳುವ ಗಳಿಗೆಗೆ ಕಾದಿದ್ದ. ಮೊಣಕಾಲೂರಿ ಕ್ಯಾಮೆರಾ ಇಳಿಸಿದ್ದರಿಂದ ಗಾಳಿ ಕೊರೆದ ಗೆರೆಗಳು ಮುಂದೆ ಬಂದು, ಕಣ್ಣು ತಾನಾಗಿಯೇ ಅವುಗಳ ಮೇಲೆ ನಡೆದು ನೆತ್ತಿಗೆ ಹೋಗುತ್ತಿತ್ತು.

"ಕಣ್ಣು ಮೊದಲು ಎಲ್ಲಿಗೆ ಹೋಯ್ತು?" ಎಂದು ಅವನು ಕೇಳುತ್ತಿದ್ದ. ಕ್ಲಬ್ಬಿನಲ್ಲಿ ಕೇಳುವ ಮೊದಲ ಪ್ರಶ್ನೆ ಅದು.

"ಈ ನೆರಳಿಗೆ. ಆಮೇಲೆ ಈ ತಿರುವಿಗೆ. ನಿಂದು?"

"ನಿಮ್ಮ ಕಿವಿ ಹಿಂದಿರೋ ಪೆನ್ಸಿಲ್‌ಗೆ."

"ಅದು ಚಿತ್ರದಲ್ಲಿಲ್ಲ."

"ಅದಕ್ಕೇ ಚಿತ್ರ ಸರಿಹೋಗ್ತಿಲ್ಲ ಅನ್ಸುತ್ತೆ," ಎಂದು ಫೆಟ್ಕುಕ್ ಬಾಯಿಗಿಟ್ಟುಕೊಂಡ. ನಾನು ಅವನಿಗೆ ನೀನು ಎಂದದ್ದು ನನಗೆ ಆಮೇಲೆ ಹೊಳೆಯಿತು. ಅವನಿಗೆ ಆಗಲೇ ಹೊಳೆದಿತ್ತು ಎಂದು ಅವನ ಕಿವಿಯ ಬಣ್ಣ ಹೇಳುತ್ತಿತ್ತು.

ಚುಕ್ಕೆ ಮಾತ್ರ ಎಲ್ಲ ಚಿತ್ರಗಳಲ್ಲೂ ಇತ್ತು. ಒಮ್ಮೆ ಬಲಕ್ಕೆ, ಒಮ್ಮೆ ನಡುವಿಗೆ, ಒಮ್ಮೆ ಆಚೆ ದಿಬ್ಬದ ಇಳಿಜಾರಿನಲ್ಲಿ. ಸೆನ್ಸರ್ ಮೇಲಿನ ಧೂಳು ಹಾಗೆ ಮಾಡುವುದಿಲ್ಲ. ಕ್ಯಾಮೆರಾವನ್ನು ಎತ್ತ ತಿರುಗಿಸಿದರೂ ಅದು ಚೌಕಟ್ಟಿನ ಒಂದೇ ಜಾಗದಲ್ಲಿ ಕೂತಿರುತ್ತದೆ.

"ಕ್ಯಾಮೆರಾ ತಂದಿದ್ದೀಯಾ?" ಎಂದೆ ಒಂದು ದಿನ. "ಒಳಗೆ ಬಾ."

ಎಕ್ಸ್-ರೇ ಕೋಣೆಯ ಗೋಡೆಯಲ್ಲಿ ಹಳೆಯ ಕಾಲದ ಲೈಟ್‌ಬಾಕ್ಸ್ ಒಂದು ಉಳಿದಿದೆ. ಫಿಲ್ಮ್ ಹಚ್ಚಿ ನೋಡುತ್ತಿದ್ದ ಬಿಳಿಯ ಗಾಜಿನ ಪೆಟ್ಟಿಗೆ. ಅದರ ದೀಪ ಹಾಕಿ, ಕೋಣೆಯ ದೀಪ ಆರಿಸಿದೆ. ಬರೀ ಬಿಳಿ ಬೆಳಕನ್ನು ಫೋಟೋ ತೆಗೆದರೆ ಸೆನ್ಸರ್ ಮೇಲೆ ಧೂಳಿದ್ದಲ್ಲಿ ಕಪ್ಪಾಗಿ ಬೀಳಲೇಬೇಕು. ಅವನು ಪೆಟ್ಟಿಗೆಯ ಎದುರು ನಿಂತ. ಅವನ ಭುಜ ನನ್ನ ಭುಜಕ್ಕೆ ತಾಗಿತು, ಇಬ್ಬರೂ ಸರಿಯಲಿಲ್ಲ. ಕ್ಲಿಕ್ಕಿಸಿದ ಚಿತ್ರವನ್ನು ಲ್ಯಾಪ್‌ಟಾಪಿಗೆ ಹಾಕಿ ಮೂಲೆಯಿಂದ ಮೂಲೆಗೆ ಹಿಗ್ಗಿಸಿ ನೋಡಿದೆ.

"ಏನಿದೆ?" ಎಂದ.

"ಏನೂ ಇಲ್ಲ. ನಿನ್ನ ಕ್ಯಾಮೆರಾ ಹಾಲಿನಷ್ಟು ಶುಭ್ರವಾಗಿದೆ."

ಗೆದ್ದ ಖುಷಿಯಲ್ಲಿ ನಾನು ನಗುತ್ತಾ ತಿರುಗಿದೆ. ಆ ಬಿಳಿ ಬೆಳಕಿನಲ್ಲಿ ಅವನ ಮುಖ ನೋಡಿ ನಗು ನಿಲ್ಲಿಸಿದೆ.

"ಹಾಗಾದ್ರೆ ಅವನೇ," ಎಂದ.

ಅಲ್ಲೇ ಸ್ಟೂಲಿನ ಮೇಲೆ ಕೂತು ಹೇಳಿದ. ಅವನಿಗೆ ಡಾನ್ವಿಲ್ ಎಂಬ ತಮ್ಮನಿದ್ದ. ಮೂರು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ಬೆಳಗಿನ ಜಾವ ನಾರಾ ಹಣ್ಣು ಕೀಳಲು ನೀರಿಲ್ಲದ ಕ್ವೀಸೆಬ್ ನದಿಯ ಆಚೆಗೆ ಪಿಕಪ್ಪಿನಲ್ಲಿ ಹೋಗಿದ್ದರು. ಗಾಡಿ ಮರಳಲ್ಲಿ ಹೂತಿತು. ಆಚೆ ಗಟ್ಟಿ ನೆಲವಿದೆಯೇ ನೋಡಿ ಬರುತ್ತೇನೆಂದು ತಮ್ಮ ದಿಬ್ಬ ಹತ್ತಿದ. ನೆತ್ತಿಯ ಮೇಲೆ ನಿಂತು ಕೈ ಬೀಸಿದ, ಆಚೆ ಇಳಿದ. ಹಿಂದೆಯೇ ಮಂಜು ಇಳಿಯಿತು.

"ನಾನು ಕೂಗ್ದೆ. ಅವನು ಓ ಅಂದ. ಮತ್ತೆ ಕೂಗ್ದೆ. ಓ ಅಂದ, ಆದ್ರೆ ಇನ್ನೂ ದೂರದಿಂದ. ಮಂಜಲ್ಲಿ ದನಿ ಎತ್ತಲಿಂದ ಬರ್ತಿದೆ ಅಂತ ಗೊತ್ತಾಗಲ್ಲ ಸೈಮಾ. ನಾನು ಕೂಗಿದಷ್ಟೂ ಅವನು ನನ್ನ ಕಡೆಗೆ ಅಂದ್ಕೊಂಡು ಆಚೆಗೆ ನಡೆದ. ಕೊನೆಗೆ ಕೇಳಿಸ್ಲಿಲ್ಲ."

ಮಾರನೇ ದಿನ ಪೂರ್ವದ ಗಾಳಿ ಎದ್ದು ಹೆಜ್ಜೆಗಳೆಲ್ಲ ಅಳಿಸಿಹೋದವು. ಹುಡುಕಿದವರು ಬರಿಗೈಲಿ ಬಂದರು. ಅಂದಿನಿಂದ ಎಲ್ರಿಕೊ ಯಾರನ್ನೂ ಹೆಸರು ಹಿಡಿದು ದೂರದಿಂದ ಕೂಗಿಲ್ಲ. ಬೀದಿಯ ಆಚೆ ಗೆಳೆಯ ಕಂಡರೂ ಓಡಿಹೋಗಿ ಭುಜ ಮುಟ್ಟುತ್ತಾನೆ. ಮಂಜು ಬಿದ್ದ ಭಾನುವಾರಗಳಲ್ಲಿ ಮಾತ್ರ ಅದೇ ತಗ್ಗಿಗೆ ಹೋಗಿ ನಿಲ್ಲುತ್ತಾನೆ. ಸುಮ್ಮನೆ ನಿಂತರೆ ಹುಚ್ಚು ಅನ್ನುತ್ತಾರೆ ಎಂದು ಒಂದು ಕ್ಯಾಮೆರಾ ಕೊಂಡಿದ್ದ.

"ಎಲ್ಲರೂ ಚುಕ್ಕೆ ಒರೆಸು ಅಂದ್ರು. ನೀನೊಬ್ಬಳೇ ಧೂಳು ಅಂತ ಹೇಗೆ ಗೊತ್ತು ಅಂದಿದ್ದು," ಎಂದು ನನ್ನ ಕೈ ಹಿಡಿದ. ಮೊದಲ ಸಲ ನೀನು ಎಂದಿದ್ದ. ಆ ಕೈಗಾಗಿ ನಾನು ಎಷ್ಟೋ ಮಧ್ಯಾಹ್ನ ಕಾದಿದ್ದೆ. ಈಗ ಅದು ಹಿಮದಷ್ಟು ತಣ್ಣಗಿತ್ತು.

ಒಂದು ಶನಿವಾರ ಅವನು ನನ್ನನ್ನು ಮನೆಗೆ ಕರೆದೊಯ್ದ. ಅವನ ತಾಯಿ ಮಗ್ರಿಟಾ ಒಲೆಯ ಮೇಲೆ ನಾರಾ ಹಣ್ಣು ಕುದಿಸುತ್ತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತಟ್ಟೆ ತುಂಬ ಬಡಿಸಿ, ಎದುರಿಗೆ ಕೂತರು.

"ಮಗಳೇ, ಇವನು ನಿನ್ನ ಇಷ್ಟಪಟ್ಟಿದಾನೆ, ಮುಖ ನೋಡಿದ್ರೆ ಗೊತ್ತಾಗುತ್ತೆ. ನೀನೂ ಒಳ್ಳೆಯವಳೇ ಇರಬೇಕು, ಚೆನ್ನಾಗಿ ಉಣ್ತೀಯ," ಎಂದರು. "ಆದ್ರೆ ನನ್ನ ಒಂದು ಮಗುವಿಗೆ ಇನ್ನೂ ಸಾವಿನ ಹಾಡು ಹಾಡಿಸಿಲ್ಲ. ಅದು ಹಾಡದ ಮನೇಲಿ ಮದುವೆ ಹಾಡು ಹೇಗೆ ಹಾಡ್ಲಿ?"

"ಹಾಡಿಸಬಹುದಲ್ಲ, ಟಾನಿ?" ಎಂದೆ. ಇಲ್ಲಿ ದೊಡ್ಡ ಹೆಂಗಸರನ್ನು ಹಾಗೆಯೇ ಕರೆಯುವುದು.

"ಏನನ್ನ ಮಣ್ಣಿಗೆ ಹಾಕ್ಲಿ? ಖಾಲಿ ಪೆಟ್ಟಿಗೇನಾ? ಅವನನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು. ಹೇಗಾದ್ರೂ ಇರ್ಲಿ, ನೋಡ್ಬೇಕು." ಅಷ್ಟು ಹೇಳಿ ಎದ್ದು ಪಾತ್ರೆ ಕಲಕಲು ಹೋದರು.

ಮುಂದಿನ ವಾರಗಳಲ್ಲಿ ಎಲ್ರಿಕೊ ಬರುವುದು ಕಡಿಮೆಯಾಯಿತು. ಚಿತ್ರಗಳು ಮಾತ್ರ ಫೋನಿಗೆ ಬರುತ್ತಿದ್ದವು. ನಿಜ ಹೇಳಬೇಕೆಂದರೆ ಅವು ಒಂದಕ್ಕಿಂತ ಒಂದು ಚೆಂದವಾಗಿದ್ದವು. ಮಂಜಿನ ಅಂಚಿನಲ್ಲಿ ಬಿಸಿಲು ತಾಮ್ರದ ಬಣ್ಣಕ್ಕೆ ತಿರುಗಿತ್ತು, ನೆರಳಿಗೆ ಆಳ ಬಂದಿತ್ತು. ಕ್ಲಬ್ಬಿನಲ್ಲಿ ಲೋಮಾನ್ ಚಪ್ಪಾಳೆ ತಟ್ಟಿದರು. ಚುಕ್ಕೆಯೂ ಹಾಗೇ ಇದ್ದು ಚಿತ್ರಕ್ಕೆ ಬೊಟ್ಟಿಟ್ಟಂತಾಗಿತ್ತು. ಅದನ್ನು ಯಾರೂ ಈಗ ಧೂಳು ಎನ್ನಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಆ ಚಿತ್ರಗಳನ್ನೆಲ್ಲ ಒಟ್ಟಿಗೆ ಪರದೆಯ ಮೇಲೆ ಸಾಲಾಗಿ ಇಟ್ಟೆ. ಒಬ್ಬನೇ ರೋಗಿಯ ಹಳೆಯ ಎಕ್ಸ್-ರೇ, ಹೊಸ ಎಕ್ಸ್-ರೇ ಪಕ್ಕಪಕ್ಕ ಇಟ್ಟು ಏನು ಬೆಳೆದಿದೆ ಎಂದು ನೋಡುವುದು ನನ್ನ ರೂಢಿ. ಚುಕ್ಕೆ ಬೆಳೆದಿರಲಿಲ್ಲ. ಮೊದಲ ಚಿತ್ರದಲ್ಲಿ ಎಷ್ಟಿತ್ತೋ ಕೊನೆಯದರಲ್ಲೂ ಅಷ್ಟೇ ಇತ್ತು. ಬದಲಾಗಿದ್ದದ್ದು ಉಳಿದದ್ದೆಲ್ಲ. ಮೂಲೆಯ ನಾರಾ ಪೊದೆ ಎರಡನೆಯ ಚಿತ್ರದಲ್ಲೇ ಇರಲಿಲ್ಲ. ಮೂರನೆಯದರಲ್ಲಿ ದೂರಕ್ಕೆ ಮಬ್ಬಾಗಿ ಕಂಡಿದ್ದ ಎರಡು ತಲೆಯ ದಿಬ್ಬ ಐದನೆಯದರಲ್ಲಿ ಎದುರಿಗೇ ಬಂದಿತ್ತು, ಏಳನೆಯದರಲ್ಲಿ ಮಾಯವಾಗಿ ಅದರ ಹಿಂದಿನ ದಿಬ್ಬಗಳು ಕಾಣುತ್ತಿದ್ದವು.

ಆಗಲೇ ಅವನಿಗೆ ಫೋನ್ ಮಾಡಿದೆ.

"ನೀನು ಆ ತಗ್ಗಿನಲ್ಲಿ ನಿಲ್ತಿಲ್ಲ," ಎಂದೆ. "ಪ್ರತಿ ಸಲ ಇನ್ನೂ ಒಳಕ್ಕೆ ಹೋಗ್ತಿದ್ದೀಯ. ಗಾಡಿ ಬಿಟ್ಟು, ಮಂಜಲ್ಲಿ, ಒಬ್ಬನೇ."

"ಹತ್ತಿರ ಹೋಗು ಅಂದಿದ್ದು ನೀನೇ."

"ಎಲ್ರಿಕೊ, ನೀನು ಹತ್ತಿರ ಹೋಗ್ತಿಲ್ಲ. ನೀನು ಎಷ್ಟು ನಡೆದ್ರೂ ಅದು ಅಷ್ಟೇ ದೂರದಲ್ಲಿದೆ. ಕರ್ಕೊಂಡು ಹೋಗ್ತಿದೆ."

"ಗೊತ್ತು," ಎಂದ. ಅವನ ದನಿಯಲ್ಲಿ ಭಯವಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. "ನಾಳೆ ಭಾನುವಾರ. ಈ ಸಲ ಕ್ಯಾಮೆರಾ ಬಿಟ್ಟು ಹೋಗ್ತೀನಿ. ಅದು ಭಾರ, ನಡೆಯೋದು ನಿಧಾನ ಆಗುತ್ತೆ."

ಬೈದೆ. ಅತ್ತೆ. ನಾನು ಅಳುವವಳಲ್ಲ. ಅದು ಟೀ ಚೆಲ್ಲಿದ ಸದ್ದು ಎಂದು ಸುಳ್ಳು ಹೇಳಿದೆ. ಒಂದು ಮಾತಂತೂ ನಿಜ. ಅದು ಧೂಳು, ನನಗೆ ತಪ್ಪಾಯಿತು ಎಂದು ಹೇಳಿಬಿಡುವ ಆಸೆ ನಾಲಿಗೆಯ ತುದಿಯವರೆಗೆ ಬಂತು. ಅವನು ನಂಬುತ್ತಲೂ ಇದ್ದನೇನೋ. ಹೇಳಲು ಆಗಲಿಲ್ಲ. ಅವನನ್ನು ಅಷ್ಟು ಪ್ರೀತಿಸುತ್ತಿದ್ದೆ, ಸುಳ್ಳಿನ ಮೇಲೆ ಅವನನ್ನು ಇಟ್ಟುಕೊಳ್ಳುವ ಮನಸ್ಸಾಗಲಿಲ್ಲ.

"ನಾನೂ ಬರ್ತೀನಿ," ಎಂದೆ. "ಕ್ಯಾಮೆರಾ ತಗೋ. ನಾನು ಇದುವರೆಗೆ ಹೇಳಿದ್ದು ಅರ್ಧ ದಾರಿ. ಉಳಿದದ್ದು ಅಲ್ಲಿ ಹೇಳ್ತೀನಿ."

ಬೆಳಿಗ್ಗೆ ಇಬ್ಬರೂ ಹೋದೆವು. ನದಿ ದಾಟಿ ಗಾಡಿ ನಿಲ್ಲಿಸಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವನು ಗಾಡಿ ಸುತ್ತಿ ನನ್ನ ಕಡೆಗೆ ಬರುವಷ್ಟರಲ್ಲಿ ಎರಡು ಸಲ ಮಾಯವಾದ. ಶಬ್ದವೇ ಇರಲಿಲ್ಲ. ನಮ್ಮ ಕಾಲಡಿಯ ಮರಳು ಒದ್ದೆಯಾಗಿ ಸಣ್ಣಗೆ ಕಿರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂಜಿನಲ್ಲಿ ಒಂದು ಕಿಂಡಿ ತೆರೆದು ದಿಬ್ಬದ ನೆತ್ತಿ ಕಂಡಿತು.

ನೆತ್ತಿಯ ಮೇಲೆ ಚುಕ್ಕೆ ಇತ್ತು. ಚಿತ್ರದಲ್ಲಿ ಅಲ್ಲ, ಅಲ್ಲಿಯೇ. ನಾನೂ ನೋಡಿದೆ. ನೆಟ್ಟಗೆ, ಕಪ್ಪಗೆ, ಅಲುಗಾಡದೆ. ಪ್ರಾಣಿಯಾದರೆ ತಲೆ ತಿರುಗಿಸುತ್ತಿತ್ತು, ಕಲ್ಲಾದರೆ ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಇರಬೇಕಿತ್ತು. ಎಲ್ರಿಕೊ ಒಂದು ಹೆಜ್ಜೆ ಮುಂದಿಟ್ಟ.

ನಾನು ಅವನ ಎದೆಗೆ ಕೈ ಅಡ್ಡ ಇಟ್ಟೆ. "ನೀನಲ್ಲ. ನಾನು ಹೋಗ್ತೀನಿ."

"ಹುಚ್ಚಾ ನಿಂಗೆ?"

"ಕೇಳು. ಮರಳುಗಾಡಿನ ಚಿತ್ರದಲ್ಲಿ ಯಾವುದು ಎಷ್ಟು ದೊಡ್ಡದು ಅಂತ ತಿಳೀಬೇಕಾದ್ರೆ ಒಬ್ಬ ಮನುಷ್ಯ ನಿಂತಿರ್ಬೇಕು. ಪಕ್ಕದಲ್ಲಿ ನಾನು ನಿಂತ್ರೆ ಅದು ಆಳಿನಷ್ಟು ಎತ್ತರಾನೋ ಅಲ್ವೋ ಗೊತ್ತಾಗುತ್ತೆ. ನೀನು ಕ್ಯಾಮೆರಾ ಹತ್ರ ಇರು. ತೆಗೆಯೋನು ಒಬ್ಬ ಬೇಕೇಬೇಕು."

"ಮಂಜು ಮುಚ್ಚಿದ್ರೆ?"

"ಮುಚ್ಚಿದ್ರೆ ಕೂಗು."

ಅವನು ತಲೆ ಅಲ್ಲಾಡಿಸಿದ. ತುಟಿ ಬಿಳಿಚಿತ್ತು. "ನಾನು ಕೂಗಲ್ಲ, ಸೈಮಾ. ನಿಂಗೆ ಗೊತ್ತಲ್ಲ."

"ಗೊತ್ತು. ಆದ್ರೂ ಹೋಗ್ತೀನಿ," ಎಂದು ಅವನ ಒದ್ದೆ ಕೆನ್ನೆಗೆ ಮುತ್ತಿಟ್ಟು ನಡೆದೆ. ಅದು ನಮ್ಮ ಮೊದಲ ಮುತ್ತು. ಹೀಗೆ ಕೊಡಬೇಕೆಂದು ನಾನು ಎಂದೂ ಎಣಿಸಿರಲಿಲ್ಲ.

ದಿಬ್ಬ ಹತ್ತುವಾಗ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಇಳಿದುಬಿಡುತ್ತಿದ್ದೆ. ನೆತ್ತಿಗೆ ಬಂದು ನಿಂತಾಗ ಅಲ್ಲಿ ಯಾರೂ ಇರಲಿಲ್ಲ. ಕಡ್ಡಿಯಿಲ್ಲ, ಕಲ್ಲಿಲ್ಲ, ಹೆಜ್ಜೆಯಿಲ್ಲ. ಕೆಳಗೆ ಎಲ್ರಿಕೊ ಹೆಬ್ಬೆರಳಷ್ಟು ಕಾಣುತ್ತಿದ್ದ. ಕೈ ಬೀಸಿದೆ. ಬೀಸುತ್ತಿದ್ದಂತೆಯೇ ಅವನು ಅಳಿಸಿಹೋದ. ಮಂಜು ಎರಡೂ ಕಡೆಯಿಂದ ಕೂಡಿಕೊಂಡು ನನ್ನ ಕೈ ನನಗೇ ಕಾಣದಾಯಿತು.

ಆಗ ಎಡಗಡೆ ಮರಳು ಕಿರುಗುಟ್ಟಿತು. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಯಾರೋ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ ನಿಂತ ಹಾಗೆ. ಆ ಕಡೆಯ ಗಾಳಿ ನಿಂತು ನನ್ನ ಎಡಗೆನ್ನೆ ಬೆಚ್ಚಗಾಯಿತು. ಓಡಬೇಕೆನಿಸಿತು. ಆದರೆ ಮಂಜಿನಲ್ಲಿ ಓಡುವುದು ಎತ್ತ?

"ಡಾನ್ವಿಲ್," ಎಂದೆ. ನನ್ನ ದನಿ ನನಗೇ ಯಾರದೋ ಎನಿಸಿತು. "ನಾನು ಸೈಮಾ. ನಿಮ್ಮಣ್ಣನ್ನ ಮದುವೆ ಆಗ್ಬೇಕು ಅಂತಿದೀನಿ. ನೀನು ಕರೆದ್ರೆ ಅವನು ಬಂದೇ ಬರ್ತಾನೆ, ಅಷ್ಟು ಪ್ರೀತಿ ನಿನ್ನ ಮೇಲೆ. ಆದ್ರೆ ನಿಮ್ಮಮ್ಮನಿಗೆ ಇರೋದು ಅವನೊಬ್ಬನೇ. ನನಗೂ ಅವನೊಬ್ಬನೇ. ಕರೀಬೇಡಪ್ಪ. ನನಗೆ ಕೊಡು ಅವನನ್ನ."

ಎಷ್ಟು ಹೊತ್ತು ನಿಂತೆನೋ ತಿಳಿಯದು. ಮಂಜಿನ ಹನಿ ರೆಪ್ಪೆಯಿಂದ ಕೆನ್ನೆಗೆ, ಕೆನ್ನೆಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಅವನು ಕೂಗುವುದಿಲ್ಲ ಎಂದು ನನಗೆ ಖಾತ್ರಿಯಾಗತೊಡಗಿತು. ಎತ್ತ ಹೆಜ್ಜೆ ಇಟ್ಟರೂ ಆಚೆ ಬದಿಗೆ ಇಳಿಯಬಹುದು, ಡಾನ್ವಿಲ್ ಇಳಿದ ಹಾಗೆಯೇ.

"ಸೈಮಾ."

ಎಲ್ಲಿಂದಲೋ ಬಂತು. ಕಾಲಡಿಯಿಂದಲೋ, ಬೆನ್ನ ಹಿಂದಿನಿಂದಲೋ ತಿಳಿಯಲಿಲ್ಲ.

"ಸೈಮಾ, ಅಲ್ಲೇ ನಿಲ್ಲು. ನಡೀಬೇಡ. ನಾನು ಬರ್ತೀನಿ. ಕೂಗ್ತಾ ಬರ್ತೀನಿ, ನಿಂತಿರು."

ಮೂರು ವರ್ಷ ಬೀಗ ಹಾಕಿದ್ದ ಗಂಟಲು. ಒಡೆದು, ಬಿರಿದು, ಮತ್ತೆ ಮತ್ತೆ ನನ್ನ ಹೆಸರು ಹಿಡಿದು ದಿಬ್ಬ ಹತ್ತಿತು. ನಾನು ಓಗೊಡುತ್ತಾ ಕದಲದೆ ನಿಂತೆ. ಕೊನೆಗೆ ಒಂದು ಕೈ ಮಂಜಿನಿಂದ ಬಂದು ನನ್ನ ತೋಳು ಹಿಡಿಯಿತು. ಬಿಸಿಯಾಗಿತ್ತು. ಅವನು ನನ್ನನ್ನು ಎದೆಗೆ ಒತ್ತಿಕೊಂಡು ಏದುಸಿರು ಬಿಡುತ್ತಾ, ಕಿವಿಯ ಹತ್ತಿರ ಇನ್ನೂ ನನ್ನ ಹೆಸರನ್ನೇ ಹೇಳುತ್ತಿದ್ದ.

"ಬಂದಾಯ್ತಲ್ಲ, ಇನ್ನು ಸುಮ್ನಿರು," ಎಂದೆ.

"ಸುಮ್ನಿರಲ್ಲ."

ಮಂಜು ಹರಿಯುವವರೆಗೆ ಅಲ್ಲೇ ಕೂತೆವು. ಎಡಗಡೆ ಮತ್ತೆ ಶಬ್ದವಾಗಲಿಲ್ಲ. ಇಳಿದು ಬಂದ ಮೇಲೆ ಅವನು ಕ್ಯಾಮೆರಾ ನೋಡಿದ. ಮಂಜು ಮುಚ್ಚುವ ಮುನ್ನ ಒಂದೇ ಒಂದು ಚಿತ್ರ ತೆಗೆದಿದ್ದ. ನಾನು ನೆತ್ತಿಯ ಮೇಲೆ ನಿಂತಿದ್ದೆ. ಕಪ್ಪು ಚುಕ್ಕೆ ಎಲ್ಲೂ ಇರಲಿಲ್ಲ. ನನ್ನ ಎಡಕ್ಕೆ ಮಂಜು ಸ್ವಲ್ಪ ಬೆಳ್ಳಗಿತ್ತು, ಅಷ್ಟೆ.

"ಮೇಲೆ ಯಾರ ಜೊತೆಗೋ ಮಾತಾಡ್ತಿದ್ದೆ. ಕೇಳಿಸ್ತು," ಎಂದ.

"ನಿನ್ನ ತಮ್ಮನ ಜೊತೆ."

ಅವನು ಕ್ಯಾಮೆರಾವನ್ನು ಗಾಡಿಯ ಮೇಲಿಟ್ಟ. "ಏನು ಕೇಳ್ದೆ?"

"ನಿನ್ನನ್ನ."

"ಏನಂದ?"

"ಏನೂ ಅನ್ನಲಿಲ್ಲ. ಅಷ್ಟರಲ್ಲಿ ನೀನು ಕೂಗಿದೆ."

ಅವನು ಗಾಡಿಯ ಚಕ್ರಕ್ಕೆ ಒರಗಿ ಕೂತು ಅತ್ತ. ನಾನು ಪಕ್ಕದಲ್ಲಿ ಕೂತು ಅವನ ಕೂದಲಿನ ಮರಳು ಕೊಡವಿದೆ. ಇನ್ನು ಮುಂದೆ ಒಳಗೆ ಹೋಗುವುದಿಲ್ಲ ಎಂದ. ನಂಬಿದೆ. ಆದರೆ ಮನೆಯಲ್ಲಿ ಮಗ್ರಿಟಾ ಕೇಳುವ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅವನನ್ನು ಕಣ್ಣಾರೆ ನೋಡಬೇಕು ಎಂದಿದ್ದರಲ್ಲ. ಚುಕ್ಕೆಯಿದ್ದ ಚಿತ್ರಗಳನ್ನು ಎಲ್ರಿಕೊ ತಾಯಿಗೆ ಎಂದೂ ತೋರಿಸಿರಲಿಲ್ಲ. ಈಗ ತೋರಿಸಲು ಉಳಿದದ್ದು ಚುಕ್ಕೆಯೂ ಇಲ್ಲದ ಈ ಒಂದು ಚಿತ್ರ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಚರ್ಚಿನಿಂದ ಬಂದಿದ್ದ ಮಗ್ರಿಟಾ ಟೋಪಿ ತೆಗೆಯದೆಯೇ ಬಂದು ಬಗ್ಗಿದರು. ಎಲ್ರಿಕೊ ಹೇಗೆ ಶುರುಮಾಡುವುದೆಂದು ತಿಳಿಯದೆ ಮೇಜು ಒರೆಸುತ್ತಿದ್ದ. ಅವರು ಪರದೆಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು.

"ಬಡವಾಗಿದಾನೆ," ಎಂದರು.

ಎಲ್ರಿಕೊನ ಕೈ ನಿಂತಿತು. ನಾನು ಪರದೆ ನೋಡಿದೆ. ನಾನಿದ್ದೆ, ಮರಳಿತ್ತು, ಮಂಜಿತ್ತು. ಮತ್ತೆ ನೋಡಿದೆ. ಎಕ್ಸ್-ರೇಯಲ್ಲಿ ನನಗೆ ಕಾಣದ್ದು ಡಾಕ್ಟರಿಗೆ ಕಂಡದ್ದುಂಟು, ಅದಕ್ಕೆ ನಾನು ವಾದ ಮಾಡುವುದಿಲ್ಲ. ಅವರು ನನ್ನ ಎಡಕ್ಕಿದ್ದ ಬೆಳ್ಳನೆಯ ಜಾಗದ ಮೇಲೆ ಬೆರಳಿಟ್ಟು, ಮಗುವಿನ ಹಣೆ ಸವರುವ ಹಾಗೆ ಸವರಿದರು.

"ಕಾಲಿಗೆ ಏನೂ ಹಾಕಿಲ್ಲ ನೋಡು. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಬೆರಳು ಪಕ್ಕಕ್ಕೆ ಸರಿಯಿತು. ದೂರದಲ್ಲಿ ನನ್ನ ಮುಖ ಅಷ್ಟು ಸ್ಪಷ್ಟವಿರಲಿಲ್ಲ. "ಡಾನ್ವಿಲ್ ಪಕ್ಕ ನಿಂತಿರೋ ಈ ಹುಡುಗಿ ಯಾರು?"

"ನಾನು ಮದುವೆ ಆಗೋಳು, ಮಾ," ಎಂದ ಎಲ್ರಿಕೊ.

ಮಗ್ರಿಟಾ ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಹೋಗಿ ಪಾಸ್ಟರಿಗೆ ಹೇಳು," ಎಂದರು. "ಮೊದಲು ಅವನ ಹಾಡು. ಆಮೇಲೆ ನಿಮ್ಮದು."